ಕ್ಯಾರೆಟ್ ಪಾತಿಯ ಸೃಷ್ಟಿಕರ್ತ

ಹೊಸದೊಂದು ಸಸ್ಯವನ್ನೇ ಜಗತ್ತಿಗೆ ಕೊಟ್ಟವನನ್ನು ಹೀಗಾ ನಡೆಸಿಕೊಳ್ಳುವುದು? ಕೇಳಿ, ನೀವೇ ಹೇಳಿ.

ನಾನು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನು. ತಪ್ಪು ಕಂಡರೆ ಕಿತ್ತೆಸೆಯುವುದೇ ಕಸುಬು. ಆದ್ದರಿಂದ ಹಿತ್ತಲಿನ ಕ್ಯಾರೆಟ್ ಪಾತಿಯ ಕಳೆ ನಿರ್ಮೂಲನಾ ಮಹಾಮಂಡಲದ ಅಧ್ಯಕ್ಷಗಿರಿ ವರ್ಷಗಳಿಂದ ನನ್ನದೇ. (ಸದಸ್ಯನೂ ನಾನೇ.) ಅದಕ್ಕೆ ಪ್ರತಿಯಾಗಿ ಪಾತ್ರೆ, ಕಸ, ಬಟ್ಟೆ ಮೂರೂ ಮಾಫಿ. ಕ್ಯಾರೆಟ್ ಕೈಕೊಟ್ಟ ದಿನ ಮಾಫಿಯೂ ರದ್ದು ಎಂಬುದು ಹೆಂಡತಿಯ ಕರಾರು. ಹೋದ ವರ್ಷ ಬೆಳೆ ಅರ್ಧಕ್ಕಿಳಿದಾಗ ಮಣ್ಣನ್ನು ಬೈದು ಪಾರಾಗಿದ್ದೆ.

ಈ ಸಲ ಪಾತಿಯಲ್ಲಿ ಹಸಿರು ಉಕ್ಕುತ್ತಿತ್ತು. ಭಾನುವಾರ ಹೆಂಡತಿಯ ತಮ್ಮ ಬಂದ. ಶಾಲೆಯಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಅವನೆದುರು ಮೆರೆಯೋಣವೆಂದು ಕುಕ್ಕರಗಾಲಲ್ಲಿ ಕೂತು ಒಂದು ಗಿಡ ಎಳೆದೆ. ಬುಡದಲ್ಲಿ ಇಲಿಬಾಲದಂಥ ಬೇರು. ಇನ್ನೊಂದು ಎಳೆದೆ. ಇನ್ನೊಂದು ಬಾಲ. ಇಡೀ ಪಾತಿಗೆ ಸಿಕ್ಕಿದ್ದು ಎರಡೇ ಕ್ಯಾರೆಟ್, ಅವೂ ನಾಚಿಕೊಂಡಿದ್ದವು.

“ರೀ, ಏನ್ರೀ ಇದು?” ಎಂದಳು ಹೆಂಡತಿ.

“ಕ್ಯಾರೆಟ್ಟೇ ಕಣೇ. ಸ್ವಲ್ಪ ಸಣಕಲು.”

“ಸಣಕಲಲ್ಲ ಭಾವ, ಕಳೆ!” ಮೇಷ್ಟ್ರು ಎಲೆ ತಿರುಗಿಸಿ ನೋಡಿ ನಕ್ಕ. “ಕಳೆ ಎಲ್ಲಾ ಒಂದೇ ಥರ ಇರಲ್ಲ. ಕೆಲವಕ್ಕೆ ಅಗಲ ಎಲೆ, ಕೆಲವಕ್ಕೆ ಹುಟ್ಟುತ್ತಲೇ ಒಂಚೂರು ಸೀಳೆಲೆ. ಅಗಲದ್ದನ್ನ ಕಿತ್ರಿ. ಸೀಳೆಲೆಯದ್ದನ್ನ ಕ್ಯಾರೆಟ್ ಅಂದ್ಕೊಂಡು ಬಿಟ್ರಿ. ಅದು ಬೀಜ ಉದುರಿಸ್ತು, ಮಕ್ಕಳಿಗೂ ತಾಯಿಯ ಎಲೆನೇ ಬಂತು. ಅದರಲ್ಲೂ ಕ್ಯಾರೆಟ್ ಥರ ಕಾಣದೇ ಇದ್ದದ್ದನ್ನ ಮುಂದಿನ ಸಲ ಕಿತ್ರಿ. ವರ್ಷವರ್ಷ ಹೀಗೇ ಸೋಸಿ ಸೋಸಿ, ನೋಡಿ, ಈ ತಳಿ!”

“ನನ್ನನ್ನ ಏಮಾರಿಸೋಕೆ ವೇಷ ಹಾಕ್ತು ಅನ್ನು! ಎಂಥಾ ಬುದ್ಧಿ!”

“ಅದಕ್ಕೆಲ್ಲಿ ಬುದ್ಧಿ? ಇದರಲ್ಲಿ ಯಾರಿಗೂ ಬುದ್ಧಿ ಬೇಕಾಗಿಲ್ಲ ಭಾವ. ಗಿಡಕ್ಕೂ ಬೇಡ, ಕೀಳೋರಿಗೂ ಬೇಡ.”

ಅವಮಾನ ನುಂಗಿಕೊಂಡೆ. ಹೇಗಿದ್ದರೂ ಹೊಸ ತಳಿ ನನ್ನದೇ ತಾನೇ? ಎದೆ ಉಬ್ಬಿತು. ಪೇಟೆಂಟ್ ವಿಚಾರ ಎತ್ತಬೇಕು ಎನ್ನುವಷ್ಟರಲ್ಲಿ ಹೆಂಡತಿ ತಮ್ಮನ ಕಡೆ ತಿರುಗಿದಳು.

“ಈಗ ಅರ್ಥವಾಯ್ತು ಕಣೋ. ಮದುವೆಯಾದಾಗಿಂದ ಇವರ ಸೋಮಾರಿತನ ಕೀಳ್ತಾನೇ ಇದ್ದೀನಿ. ಮಂಚದ ಮೇಲೆ ಬಿದ್ಕೊಳ್ಳೋದು, ಪೇಪರ್ ಹಿಡ್ಕೊಂಡು ತೂಕಡಿಸೋದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಕಿತ್ತೆ. ಥೇಟ್ ಕೆಲಸದ ಹಾಗೇ ಕಾಣೋ ಸೋಮಾರಿತನ ಒಂದು ಮಾತ್ರ ಉಳ್ಕೊಂಡಿದೆ. ಪಾತೀಲಿ ಹೇಗೆ ಕೂತಿದೆ ನೋಡು!”

“ಅಕ್ಕ, ನನ್ನ ಕ್ಲಾಸಲ್ಲಿ ಯಾರೂ ಇಷ್ಟು ಬೇಗ ಕಲಿತಿಲ್ಲ!” ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದ.

ಅವಳು ನನ್ನ ರಟ್ಟೆ ಹಿಡಿದು ಒಂದೇ ಎಳೆತ ಎಳೆದಳು. ಬೇರು ಸಮೇತ ಬಂದೆ. ಹಾಗೇ ಒಯ್ದು ಸಿಂಕಿನ ಮುಂದೆ ನೆಟ್ಟಳು.