ಇಬ್ಬರು ಬೀಗತಿಯರಿಗೆ ಒಂದೇ ಹಾಡು

ನನಗೆ ಬಿ.ಎ. ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ ಕಲ್ಲಪ್ಪ. "ಪೆಟ್ಟಿಗಿ ಬಾರಸೋ ಕೈಗೆ ಡಿಗ್ರಿ ಹತ್ತೂದಿಲ್ಲಲೇ ಬಸ್ಯಾ," ಎಂದು ಏಕಸಂಬಿಯ ನಮ್ಮ ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಟ್ಟುಬಿಟ್ಟಿದ್ದರು. ನಮ್ಮ ಮನೆತನದಲ್ಲಿ ಏಳನೆಯ ಇಯತ್ತೆ ದಾಟಿದವರೇ ಇರಲಿಲ್ಲವಾದ್ದರಿಂದ ಅವರ ಮಾತಿಗೆ ಆಧಾರವಿತ್ತು. ಅದನ್ನು ಸುಳ್ಳು ಮಾಡುವ ಹಟಕ್ಕೇ ನಾನು ಮೂರು ವರ್ಷ ಬಸ್ಸಿಗೆ ಜೋತುಬಿದ್ದು ಚಿಕ್ಕೋಡಿಯ ಕಾಲೇಜಿಗೆ ಹೋದೆ. ಹಾರ್ಮೋನಿಯಂ ಪೆಟ್ಟಿಗೆಯನ್ನೂ ಬಿಡಲಿಲ್ಲ.

ಭಜನೆಗೆ ನುಡಿಸುತ್ತಿದ್ದವನಿಗೆ ಬೀಗರ ಹಾಡು ಬರೆಯುವ ಕೆಲಸ ಹೇಗೆ ಅಂಟಿಕೊಂಡಿತೋ ನನಗೇ ತಿಳಿಯದು. ಮದುವೆಯ ಪಂಕ್ತಿಯಲ್ಲಿ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಡೆಯವರನ್ನು ಹಾಡಿನಲ್ಲಿ ಆಡಿಕೊಳ್ಳಬೇಕು, ಅವರು ತಿರುಗಿ ಹಾಡಬೇಕು. ಹಳೆಯ ಹಾಡು ಬೇಸರವಾದವರು ಹೊಸದಕ್ಕೆ ನನ್ನ ಹತ್ತಿರ ಬರತೊಡಗಿದರು. ಕೊನೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಮುಗಳಖೋಡದ ಒಬ್ಬ ಅಕ್ಕ ಬಂದು, ಪಾಲಬಾವಿಯ ತಮ್ಮ ಬೀಗತಿಯ ಮೇಲೆ ಹಾಡು ಕೇಳಿದರು. ಬೀಗತಿ ಹೇಗೆ ಎಂದೆ. ಜಂಬ ಬಹಳ, ಊಟ ಅದಕ್ಕಿಂತ ಬಹಳ ಎಂದರು. "ಹನ್ನೆರಡು ಹೋಳಿಗಿ ಉಂಡು ಹಸಿವಿಲ್ಲಂತಾಳ ಪಾಲಬಾವಿ ಬೀಗತಿ" ಎಂದು ಬರೆದುಕೊಟ್ಟೆ. ನಾಲ್ಕು ದಿನಕ್ಕೆ ಪಾಲಬಾವಿಯ ಇನ್ನೊಬ್ಬ ಅಕ್ಕ ಬಂದು ಮುಗಳಖೋಡದ ಬೀಗತಿಯ ಮೇಲೆ ಹಾಡು ಕೇಳಿದರು. ಗುಣಗಳು ಅವೇ. ಅದೇ ಹಾಡಿಗೆ ಊರಿನ ಹೆಸರು ಬದಲಿಸಿದೆ. ಇಬ್ಬರೂ ಹೇಳಿದ ಮುಹೂರ್ತ ಒಂದೇ ಆಗಿತ್ತು. ತರ್ಕಶಾಸ್ತ್ರದ ಪೇಪರು ಬರೆದು ಹದಿನೈದೇ ದಿನವಾಗಿದ್ದರೂ ನನಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ನುಡಿಸಲು ಹೋದ ಮದುವೆಯ ಪಂಕ್ತಿಯ ನಡುವೆ, ಪೆಟ್ಟಿಗೆಯ ಮುಂದೆ. ಈ ಕಡೆಯವರು ಹಾಡಿ ಮುಗಿಸಿದರು. ಆ ಕಡೆಯವರು ಅದೇ ಧಾಟಿಯಲ್ಲಿ ಅದೇ ಹನ್ನೆರಡು ಹೋಳಿಗೆ ಎತ್ತಿದರು. ಯಾರು ಯಾರನ್ನು ಬೈಯುತ್ತಿದ್ದಾರೆಂದು ನನಗೂ ತಿಳಿಯದೆ, ಬೆರಳು ಒಂದೇ ಸ್ವರದ ಮನೆಯ ಮೇಲೆ ನಿಂತು ಪೆಟ್ಟಿಗೆ ಒರಲತೊಡಗಿತು. ಬೀಗತಿಯರಿಬ್ಬರೂ ನನ್ನತ್ತ ತಿರುಗಿದರು. ಊಟ ಬಿಟ್ಟು ಎದ್ದರೆ ಮದುವೆಯ ಗತಿ ಏನು? ಅಷ್ಟರಲ್ಲಿ ಮದುಮಗಳ ಅಜ್ಜಿ, "ಇಬ್ಬರೂ ಒಂದs ನಮೂನಿ ಇದ್ದಾಗ ಹಾಡು ಎರಡು ಯಾಕ ಬೇಕ್ರಿ? ಹೋಳಿಗಿ ನೀಡ್ರಿ," ಎಂದರು. ಪಂಕ್ತಿಯೆಲ್ಲ ನಕ್ಕಿತು. ನನ್ನ ಜೊತೆ ಬಂದು ಮೂಲೆಯಲ್ಲಿ ಉಣ್ಣುತ್ತಿದ್ದ ಕಲ್ಲಪ್ಪ ಮಾವ ಮಾತ್ರ ನಗಲಿಲ್ಲ.

ಮುಂದೆ ಪಾಸಾದೆ. ಪ್ರಮಾಣಪತ್ರ ಬಂದ ದಿನ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಮೇಲಿದ್ದ ಮಾವನಿಗೆ ಕೊಟ್ಟೆ. ಅವರು ರುಮಾಲಿನ ಚುಂಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡರು, ನನ್ನ ಹೆಸರಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಕಣ್ಣು ಒದ್ದೆಯಾದಂತೆ ಕಂಡಿತು. ನಂತರ ಕೇಳಿದರು:

"ಬಸವರಾಜಪ್ಪಾ, ಇದೂ ಎಲ್ಲಾರಿಗೂ ಒಂದs ಬರದು, ಹೆಸರಷ್ಟ ಬದಲ ಮಾಡ್ಯಾರೇನು?"