ಮಾವನ ಕಾರಿಗೆ ಕೊನೆಯ ಕೋಟು

ನನ್ನ ಕಾರುಗಳನ್ನು ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಆಟಿಕೆ ಅನ್ನಕೂಡದು, ನೋಡಿದವರು ಮೂಗಿನ ಮೇಲೆ ಬೆರಳಿಡುವಂಥ ಒಂದು ಕಾರನ್ನು ಕಟ್ಟಿಯೇ ತೀರುತ್ತೇನೆ ಎಂದು ಒಂದು ಸಂಜೆ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಎದ್ದು ನಿಲ್ಲುವ ಅಗತ್ಯವೇನೂ ಇರಲಿಲ್ಲ. ಆದರೆ ಕುಳಿತುಕೊಂಡು ಶಪಥ ಮಾಡಿದವರನ್ನು ನಾನಂತೂ ಕಂಡಿಲ್ಲ.

ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತದೆ, "ಕೂತ್ಕೊಂಡೇ ಕಟ್ಟಿ. ನಿಂತರೆ ನಿಮ್ಮ ಕೈ ನಡುಗುತ್ತೆ," ಅಂದಳು.

ನಾನು ವಿಮಾ ಕಂಪನಿಯೊಂದರಲ್ಲಿ ಅಪಘಾತವಾದ ಕಾರುಗಳನ್ನು ನೋಡಿ ನಷ್ಟ ಅಂದಾಜು ಮಾಡುವವನು. ದಿನವಿಡೀ ಜಜ್ಜಿದ, ನಗ್ಗಿದ, ಮೂತಿ ತಿರುಚಿಕೊಂಡ ಕಾರುಗಳದೇ ಸಹವಾಸ. ಸಂಜೆಗಾದರೂ ನೆಟ್ಟಗಿರುವ ಒಂದು ಕಾರಿನ ಮುಖ ನೋಡೋಣ ಅಂತ ಶುರುವಾದದ್ದು ಈ ಹವ್ಯಾಸ. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ಕಿನ ಚೂರುಪಾರುಗಳನ್ನು ಉಜ್ಜಿ, ಅಂಟಿಸಿ, ಬಣ್ಣ ಹೊಡೆದು ಅಂಗೈಯಗಲದ ಕಾರು ಮಾಡುವುದು. ಇದಕ್ಕೆ ನಮ್ಮದೊಂದು ಬಳಗವೂ ಇದೆ. ಪ್ರತಿ ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಬಳಗದಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ವಾರವೆಲ್ಲ ಹುಳುಕು ಹಲ್ಲು ಕೊರೆಯುವ ಯಂತ್ರದಲ್ಲೇ ಭಾನುವಾರ ಕಾರಿನ ಬಾಗಿಲು ಕೊರೆಯುತ್ತಾರೆ. ನಡುವೆ ಯಂತ್ರ ತೊಳೆಯುತ್ತಾರೆ ಅಂತ ನಾವೆಲ್ಲ ನಂಬಿದ್ದೇವೆ. ಇನ್ನೊಬ್ಬರು ನಿವೃತ್ತ ಗಡಿಯಾರ ವ್ಯಾಪಾರಿ. ಸದಾ ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡು ಎಲ್ಲರ ಕಾರಿನಲ್ಲೂ ತಪ್ಪು ಹುಡುಕುವುದರಿಂದ ಅವರ ಹೆಸರೇ ಭೂತಗನ್ನಡಿ ಅಂತಾಗಿದೆ. ಎದುರಿಗೆ ಮಾತ್ರ 'ಸಾರ್' ಅನ್ನುತ್ತೇವೆ.

ಈಗ ಶಪಥದ ವಿಷಯ. ಅದರ ಹಿಂದೆ ಇದ್ದದ್ದು ನನ್ನ ಮಾವ.

ಮಾವನವರ ಬಳಿ ಒಂದು ಕಾಲಕ್ಕೆ ಕಡುಗೆಂಪು ಬಣ್ಣದ ಕಾರೊಂದಿತ್ತು. ಮದುವೆಯಾದ ಹೊಸದರಲ್ಲಿ ಕೊಂಡದ್ದು. ಅದನ್ನು ಸಾಕಿದ್ದು, ತೊಳೆದದ್ದು, ಕೊನೆಗೆ "ಒಂದು ಗೀರೂ ಇಲ್ಲದ ಹಾಗೆ" ಮಾರಿದ್ದು, ಇಷ್ಟನ್ನೂ ಅವರ ಬಾಯಿಂದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಕಥೆಯ ಕೊನೆಗೆ ನನ್ನ ಗಾಜಿನ ಕಪಾಟಿನತ್ತ ಗಲ್ಲ ತೋರಿಸಿ, "ನೀವೂ ಆಟಿಕೆ ಬಿಟ್ಟು ಅಂಥದ್ದೊಂದು ಇಡಬೇಕಿತ್ತು ಅಳಿಯಂದ್ರೇ," ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಈಚೆಗೆ ಆ ಕಥೆಯೇ ನಿಂತುಹೋಗಿತ್ತು. ಕಣ್ಣಿನ ಡಾಕ್ಟರು ಇನ್ನು ನೀವು ಕಾರು ಓಡಿಸಬಾರದು ಅಂದ ದಿನ ಮಾವ ಈಗಿರುವ ಕಾರಿನ ಬೀಗದ ಕೈಯನ್ನು ಅತ್ತೆಯ ಕೈಗೆ ಕೊಟ್ಟು ಮಾತು ನಿಲ್ಲಿಸಿದರು. ಅತ್ತೆ ಚೆನ್ನಾಗಿಯೇ ಓಡಿಸುತ್ತಾರೆ. ಆದರೂ ಮಾವ ಪಕ್ಕದ ಸೀಟಿನಲ್ಲಿ ಕೂರಲು ಒಪ್ಪಲಿಲ್ಲ, ಎಲ್ಲಿಗೂ ಬರಲಿಲ್ಲ. ಕಡೆಗೆ ಹೆಂಡತಿ ಇಬ್ಬರನ್ನೂ ಕೆಲವು ತಿಂಗಳ ಮಟ್ಟಿಗೆ ನಮ್ಮಲ್ಲಿಗೇ ಕರೆದುಕೊಂಡು ಬಂದಳು. ಇಲ್ಲೂ ಅದೇ. ಹೂಂ, ಬೇಡ, ಸಾಕು. ಇಡೀ ದಿನಕ್ಕೆ ಅವರ ಮಾತಿನ ಬಂಡವಾಳ ಇಷ್ಟೇ. ಕಪಾಟಿನ ಮುಂದೆ ಹಾದುಹೋದರೂ ಆಟಿಕೆ ಅನ್ನುತ್ತಿರಲಿಲ್ಲ. ಬೈಸಿಕೊಳ್ಳದೆ ಇರುವುದೂ ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಅವರ ಹುಟ್ಟಿದ ದಿನಕ್ಕೆ ಆ ಕೆಂಪು ಕಾರನ್ನೇ ಕಟ್ಟಿ ಅಂಗೈಯಲ್ಲಿಡುವುದೆಂದು ತೀರ್ಮಾನಿಸಿದೆ. ಭಾನುವಾರ ಬಳಗದ ಮುಂದೆಯೂ ಹೇಳಿದೆ. ಹೇಳಿದ್ದು ಸಾಲದು ಅಂತ, ಕಾರಿನ ಹೊಳಪು ಹೇಗಿರುತ್ತದೆ ಅಂದರೆ ಸಾರ್ ಅದರಲ್ಲಿ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದು ಅಂತಲೂ ಸೇರಿಸಿದೆ. ಭೂತಗನ್ನಡಿ ಮೀಸೆ ತಡವಿಕೊಂಡು, ಹಾಗಾದರೆ ಆ ದಿನ ಚಹಾಕ್ಕೆ ಬಂದೇ ಬರುತ್ತೇನೆ ಅಂದರು.

ಕಾರು ಕಟ್ಟುವ ದಿನಗಳು ಸಂಸಾರಕ್ಕೆ ಒಳ್ಳೆಯದಲ್ಲ. ಒಂದು ಸಂಜೆ ಚಿಮಟಿಗೆಯಿಂದ ಸ್ಟೀರಿಂಗ್ ಚಕ್ರ ಚಿಮ್ಮಿ ಎಲ್ಲೋ ಹಾರಿತು. ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡದು. ನಾನು ನೆಲದ ಮೇಲೆ ನಾಲ್ಕು ಕಾಲಿನವನಾಗಿ, ಯಾರೂ ಹೆಜ್ಜೆ ಇಡಬೇಡಿ ಅಂತ ಕೂಗಿದೆ.

"ಅಡುಗೆಮನೆಗೆ ಹೋಗೋದು ಹೇಗೆ? ಹಾರ್ಕೊಂಡು ಹೋಗ್ಲಾ?" ಅಂದಳು ಹೆಂಡತಿ.

"ಸ್ವಲ್ಪ ತಡಿ. ಅದಿಲ್ಲದೆ ಕಾರು ತಿರುಗಲ್ಲ."

"ಇದ್ರೂ ತಿರುಗಲ್ಲ," ಅಂದು ಅವಳು ನನ್ನನ್ನು ದಾಟಿಕೊಂಡೇ ಹೋದಳು. ಸ್ಟೀರಿಂಗ್ ಸಿಕ್ಕಿದ್ದು ನನ್ನದೇ ಮಂಡಿಗೆ ಅಂಟಿಕೊಂಡು.

ಕೊನೆಗೂ ಚಾಸಿ, ಗಾಲಿ, ಸೀಟು ಎಲ್ಲ ಸಿದ್ಧವಾಗಿ ಮೇಲಿನ ಕವಚಕ್ಕೆ ಬಣ್ಣ ಹೊಡೆಯುವ ಘಟ್ಟ ಬಂತು. ನನ್ನನ್ನು ಧೂಳೀಪಟ ಮಾಡಿದ್ದು ಇಲ್ಲಿನ ಧೂಳು. ಮೊದಲ ಕೋಟಿನ ಮೇಲೆ ಒಂದು ನಾರು ಕೂತಿತು. ಎರಡನೆಯದರ ಮೇಲೆ ಕೂದಲು. ಬಿಳಿಯದಾದ್ದರಿಂದ ನನ್ನದಲ್ಲವೆಂದು ನಾನು ವಾದಿಸಿದೆ. ಭೂತಗನ್ನಡಿಗೆ ಫೋನು ಮಾಡಿದಾಗ ಅವರು ಉಪಾಯ ಹೇಳಿದರು: ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ಎಬ್ಬಿಸಿದರೆ ಗಾಳಿಯಲ್ಲಿರುವ ಧೂಳೆಲ್ಲ ನೆಲಕ್ಕಿಳಿಯುತ್ತದೆ, ಆಮೇಲೆ ಅಲ್ಲೇ ಬಾಗಿಲು ಹಾಕಿಕೊಂಡು ಹೊಡೆಯಿರಿ. ನಮ್ಮ ಮನೆಯಲ್ಲಿರುವುದು ಒಂದೇ ಸ್ನಾನದ ಮನೆ ಅನ್ನುವುದನ್ನು ಅವರು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಹುಟ್ಟಿದ ದಿನ ಬೆಳಿಗ್ಗೆ, ಎಲ್ಲರೂ ಏಳುವ ಮೊದಲು, ನಾನು ಕಾರಿನ ಕವಚ ಮತ್ತು ಸ್ಪ್ರೇ ಡಬ್ಬಿ ಹಿಡಿದು ಒಳಗೆ ಸೇರಿ ಚಿಲಕ ಹಾಕಿದೆ. ಹಬೆ ಎದ್ದಿತು, ಇಳಿಯಿತು. ಕೊನೆಯ ಕೋಟು ಹೊಡೆದೆ. ಏನೆಂದು ಹೇಳಲಿ! ಕನ್ನಡಿ ಕೂಡ ನಾಚಬೇಕು. ಕಾರನ್ನು ಮೇಲಿನ ಗೂಡಿನಲ್ಲಿ ಜೋಪಾನವಾಗಿಟ್ಟು, ಡಬ್ಬಿಯ ಮೂತಿ ಕಟ್ಟಿಕೊಳ್ಳದಿರಲಿ ಅಂತ ಇನ್ನೊಮ್ಮೆ ಒತ್ತಿ ಬೆರಳು ತೆಗೆದೆ. ಬೆರಳು ಬಂತು, ಬಣ್ಣ ನಿಲ್ಲಲಿಲ್ಲ. ಮೂತಿಯ ಗುಂಡಿ ಒಳಗೇ ಕಚ್ಚಿಕೊಂಡಿತ್ತು. ಕಾರಿಗೆ ಬೀಳದಿರಲಿ ಅಂತ ಗೋಡೆಯ ಕಡೆ ತಿರುಗಿಸಿದೆ. ಬಿಳಿ ಟೈಲ್ಸು ಕೆಂಪಾಯಿತು. ಬಕೆಟ್ಟಿನೊಳಗೆ ಹಿಡಿದೆ; ಅಲ್ಲಿಂದ ಪುಟಿದು ಮುಖಕ್ಕೇ ಬಂತು. ಟವಲಿನಲ್ಲಿ ಸುತ್ತಿದೆ, ಟವಲು ಹೆಂಡತಿಯದು. ಅಷ್ಟರಲ್ಲಿ ಹೊರಗಿನಿಂದ ಊರುಗೋಲಿನಲ್ಲಿ ಬಾಗಿಲು ಬಡಿದ ಸದ್ದು. ಮಾವ. ಮುಂಜಾವಿನ ಮಾವನಿಗೆ ಕಾಯುವ ಶಕ್ತಿ ಇಲ್ಲ.

ಡಬ್ಬಿ ಖಾಲಿಯಾಗುವವರೆಗೂ ತಡೆದು, ಕಾರಿನ ಮೇಲೆ ರಟ್ಟಿನ ಡಬ್ಬಿ ಮುಚ್ಚಿ, ಬಾಗಿಲು ತೆರೆದೆ. ಮಾವ ನನ್ನನ್ನು ನೋಡಿದರು, ಗೋಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಅವರ ಹಿಂದೆಯೇ ಬಂದ ಅತ್ತೆ ಮಗಳನ್ನು ಕರೆದು, ನಿನ್ನ ಗಂಡ ಒಳಗೆ ಯಾರನ್ನೋ ಮುಗಿಸಿದ ಹಾಗಿದೆ, ಸ್ವಲ್ಪ ಬಾ ಅಂದರು.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬಂದು ಒಂದು ಬೆರಳಿನಿಂದ ಗೋಡೆ ಮುಟ್ಟಿ ನೋಡಿದಳು.

"ರಕ್ತ ಅಲ್ಲಮ್ಮ. ಆಗಿದ್ರೆ ತೊಳೆದ್ರೆ ಹೋಗ್ತಿತ್ತು."

ಅಂತೂ ನನ್ನ ಬಣ್ಣ ಬಯಲಾದದ್ದು ಸ್ನಾನದ ಮನೆಯಲ್ಲಿ. ಮಾವನನ್ನು ಎದುರುಮನೆಗೆ ಕಳಿಸಿದೆವು. ಹೆಂಡತಿ ಗೋಡೆ ಉಜ್ಜಲು ಕೂತಳು. ಉಜ್ಜುವ ಸದ್ದೇ ಸಾಕಷ್ಟು ಮಾತಾಡುತ್ತಿತ್ತು.

ಆದರೆ ಕಾರು ಉಳಿದಿತ್ತು. ಒಂದು ನಾರಿಲ್ಲ, ಕೂದಲಿಲ್ಲ, ಗುಳ್ಳೆಯಿಲ್ಲ. ಈಗ ಚಹಾದ ಹೊತ್ತಿಗೆ ಅದು ಒಣಗಬೇಕು. ಹಬೆಯಾಡುವ ಆ ಕೋಣೆಯಲ್ಲಿ ಒಣಗುವ ಮಾತೇ ಇಲ್ಲ. ಹಲ್ಲಿನ ಡಾಕ್ಟರನ್ನು ಕೇಳಿದೆ. ಅವರು ತಮ್ಮ ಕಾರುಗಳನ್ನು ಓವನ್ನಿನಲ್ಲೇ ಒಣಗಿಸುತ್ತಾರಂತೆ: ಅಂಗೈಗೆ ಹಿತವಾಗುವಷ್ಟು ಬಿಸಿ ಮಾಡಿ, ಆರಿಸಿ, ಬಾಗಿಲು ಅರ್ಧ ತೆರೆದು ಒಳಗಿಟ್ಟರಾಯಿತು. ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಆಮೇಲೆ ಮೈಯ ಕೆಂಪು ತೊಳೆದುಕೊಳ್ಳಲು ಎದುರುಮನೆಗೆ ಹೋದೆ. ಓವನ್ನಿನಲ್ಲಿ ಕಾರಿದೆ ಅಂತ ಯಾರಿಗೂ ಹೇಳಲಿಲ್ಲ. ಗುಟ್ಟಿನ ಉಡುಗೊರೆಯಲ್ಲವೇ!

ಅತ್ತ ನಮ್ಮ ಅಡುಗೆಮನೆಗೆ ಅತ್ತೆ ಬಂದರು, ಗಂಡನಿಗೊಂದು ಕೇಕು ಮಾಡೋಣ ಅಂತ. ಎರಡೂ ಕೈಗೆ ಹಿಟ್ಟು, ಕನ್ನಡಕ ಹಣೆಯ ಮೇಲೆ. ಓವನ್ನಿನ ಬಾಗಿಲು ಅರ್ಧ ತೆರೆದಿದೆ. ಈ ಮನೆಯವರಿಗೆ ಒಂದೂ ಸರಿಯಾಗಿ ಮುಚ್ಚಲು ಬರುವುದಿಲ್ಲ ಅಂದುಕೊಂಡು ಮಂಡಿಯಿಂದ ದೂಡಿ ಮುಚ್ಚಿದರು. ಮೊಣಕೈಯಿಂದ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಕೇಕು ಇಡುವ ಮೊದಲು ಓವನ್ನು ಚೆನ್ನಾಗಿ ಕಾಯಬೇಕಲ್ಲ.

ನಾನು ಶುಭ್ರನಾಗಿ, ಕಿವಿಯ ಹಿಂದೆ ಮಾತ್ರ ಸ್ವಲ್ಪ ಕೆಂಪಾಗಿ, ವಾಪಸು ಬರುವಾಗ ಮೆಟ್ಟಿಲ ಬಳಿಯೇ ವಾಸನೆ ಮೂಗಿಗೆ ಬಡಿಯಿತು. ವಿಮೆಯ ಕೆಲಸದಲ್ಲಿ ಆ ವಾಸನೆ ಎಷ್ಟೋ ಸಲ ಕುಡಿದಿದ್ದೇನೆ. ಬೆಂದ ಪ್ಲಾಸ್ಟಿಕ್ಕು, ಸುಟ್ಟ ಬಣ್ಣ. ಓಡಿಹೋಗಿ ಓವನ್ನು ಆರಿಸಿ ಬಾಗಿಲು ತೆರೆದೆ. ತಟ್ಟೆಯ ಮೇಲೆ ನನ್ನ ಕಾರು ಮಲಗಿತ್ತು. ಚಾವಣಿ ಕುಸಿದಿತ್ತು, ಬಾನೆಟ್ಟು ಮಡಚಿಕೊಂಡಿತ್ತು, ಮೂತಿ ಒಂದು ಕಡೆಗೆ ಸೊಟ್ಟಗಾಗಿತ್ತು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಅತ್ತೆ ವಿಷಯ ತಿಳಿದು ಹಿಟ್ಟಿನ ಕೈಯನ್ನೇ ಬಾಯಿಗಿಟ್ಟುಕೊಂಡರು. ಹೆಂಡತಿ ಉಜ್ಜುವ ಬ್ರಷ್ಷು ಹಿಡಿದೇ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಪಕ್ಕ ಕೂತು, "ಅಪ್ಪನ ಕಾರಾ?" ಅಂತ ಮೆಲ್ಲಗೆ ಕೇಳಿದಳು. ನಾನು ತಲೆಯಾಡಿಸಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಬೈದಿದ್ದರೇ ಚೆನ್ನಾಗಿತ್ತು.

ಹೇಗಾದರೂ ಅದನ್ನು ಮುಚ್ಚಿಟ್ಟು, ಬಂದವರಿಗೆ ಏನೋ ಒಂದು ಹೇಳಿ ಕಳಿಸಿಬಿಡೋಣ ಅಂದುಕೊಳ್ಳುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಡಾಕ್ಟರು ಮತ್ತು ಭೂತಗನ್ನಡಿ, ಹೊಳಪು ನೋಡುವ ಆತುರಕ್ಕೆ ಮಧ್ಯಾಹ್ನವೇ ಬಂದಿದ್ದರು. ಅವರನ್ನು ಒಳಗೆ ಬಿಟ್ಟವರು ಎದುರುಮನೆಯಿಂದ ಆಗಷ್ಟೇ ಮರಳಿದ್ದ ಮಾವ. ವಾಸನೆಯ ಜಾಡು ಹಿಡಿದು ಮೂವರೂ ನೇರ ಅಡುಗೆಮನೆಗೇ ಬಂದರು. ಬಚ್ಚಿಡಲು ಏನೂ ಉಳಿಯಲಿಲ್ಲ.

ಮಾವ ಊರುಗೋಲನ್ನು ಗೋಡೆಗೆ ಒರಗಿಸಿ, ತಟ್ಟೆಯಿಂದ ಕಾರನ್ನು ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ಚೆನ್ನಾಗಿ ಕಾಣುವ ಕಣ್ಣಿನ ಹತ್ತಿರಕ್ಕೆ ತಂದರು. ತಿರುಗಿಸಿ ತಿರುಗಿಸಿ ನೋಡಿದರು. ನಾನು ಕ್ಷಮಿಸಿ ಮಾವ ಅನ್ನಲು ಬಾಯಿ ತೆರೆದೆ.

"ಬಲಗಡೆ ಇನ್ನೂ ಸ್ವಲ್ಪ ಒಳಗೆ ಹೋಗಿತ್ತು," ಅಂದರು ಮಾವ.

ಯಾರಿಗೂ ಅರ್ಥವಾಗಲಿಲ್ಲ. ಅತ್ತೆಗೆ ಮಾತ್ರ ಆಯಿತು.

"ಇಲ್ಲ. ಎಡಗಡೆ," ಅಂದರು ಅವರು.

"ನಿನಗೇನು ಗೊತ್ತು? ನೀನು ಕಣ್ಣು ಮುಚ್ಚಿಕೊಂಡಿದ್ದೆ."

ಆಮೇಲೆ ಕಥೆ ಹೊರಬಿತ್ತು. ಮದುವೆಯಾದ ಎರಡನೇ ವರ್ಷ ಮಾವ ಅತ್ತೆಗೆ ಕಾರು ಓಡಿಸುವುದು ಕಲಿಸುತ್ತಿದ್ದರಂತೆ. ಖಾಲಿ ರಸ್ತೆ. ಇಡೀ ರಸ್ತೆಯಲ್ಲಿ ಅಡ್ಡ ಇದ್ದದ್ದು ನೀರಿನ ಟ್ಯಾಂಕಿನ ಕಂಬ ಒಂದೇ. ಅತ್ತೆ ಅದನ್ನು ಬಿಡದೆ ಹುಡುಕಿಕೊಂಡು ಹೋಗಿ ಗುದ್ದಿದರು. ಯಾರಿಗೂ ಏನೂ ಆಗಲಿಲ್ಲ, ಕಾರು ಮಾತ್ರ ಗುಜರಿಗೆ ಹೋಯಿತು. ನಿಜ ತಿಳಿದರೆ ಮಾವನ ತಾಯಿ ಸೊಸೆಯನ್ನು ಜನ್ಮದಲ್ಲಿ ಮತ್ತೆ ಸ್ಟೀರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ. ಅದಕ್ಕೇ ಮಾವ, ಒಳ್ಳೆಯ ಗಿರಾಕಿ ಸಿಕ್ಕಿದ, ಒಂದು ಗೀರೂ ಇಲ್ಲದ ಹಾಗೆ ಮಾರಿದೆ ಅಂತ ಮನೆಯಲ್ಲಿ ಹೇಳಿದರು. ತಾಯಿ ತೀರಿಕೊಂಡ ಮೇಲೂ ಅದೇ ಕಥೆ ಹೇಳುತ್ತ ಬಂದರು. ಇಷ್ಟು ವರ್ಷ ಅದನ್ನು ಕೇಳಿ ತಲೆದೂಗಿದ ನಾನು ವೃತ್ತಿಯಿಂದ ಅಪಘಾತ ಪತ್ತೆ ಹಚ್ಚುವವನು!

"ನಾನು ಮನಸಾರೆ ಸಾಕಿದ್ದು ಒಂದೇ ಕಾರು," ಅಂದರು ಮಾವ ಅತ್ತೆಯನ್ನು ನೋಡುತ್ತ. "ಅದನ್ನೇ ಎರಡು ಸಲ ಹಾಳು ಮಾಡಿದೆಯಲ್ಲೇ."

ಅಷ್ಟು ಹೇಳಿ ನಗಲು ಶುರು ಮಾಡಿದರು. ನಕ್ಕು ನಕ್ಕು ಊರುಗೋಲು ಜಾರಿ ಬಿತ್ತು. ಅತ್ತೆಯೂ ನಕ್ಕರು, ಕೆನ್ನೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಕಣ್ಣೀರು. ನನ್ನ ಹೆಂಡತಿ ಬ್ರಷ್ಷು ಕೆಳಗಿಟ್ಟಳು. ಅಂದು ಮಾವ ಆಡಿದಷ್ಟು ಮಾತನ್ನು ಹಿಂದಿನ ಮೂರು ತಿಂಗಳಲ್ಲಿ ಒಟ್ಟು ಆಡಿರಲಿಲ್ಲ. ಆ ಓವನ್ನಿನಲ್ಲಿ ಇನ್ನು ತಿನ್ನುವ ಪದಾರ್ಥ ಬೇಯಿಸಕೂಡದು ಎಂದು ಹೆಂಡತಿ ಆಜ್ಞೆ ಮಾಡಿದ್ದರಿಂದ ಕೇಕನ್ನು ಅಂಗಡಿಯಿಂದ ತರಬೇಕಾಯಿತು. ತರಲು ಅತ್ತೆ ಹೊರಟಾಗ ಮಾವ, ನಾನೂ ಬರುತ್ತೇನೆ, ದಾರಿಯಲ್ಲಿ ಕಂಬಗಳಿವೆ ಅಂತ ಹೇಳಿ ಪಕ್ಕದ ಸೀಟಿನಲ್ಲಿ ಹೋಗಿ ಕೂತರು.

ಇತ್ತ ಭೂತಗನ್ನಡಿ ಕನ್ನಡಿ ಹಿಡಿದು ಕಾರನ್ನು ಬಹಳ ಹೊತ್ತು ನೋಡಿದರು. ಕೊನೆಯಲ್ಲಿ ಅವರು, ನಮ್ಮ ಬಳಗದಲ್ಲಿ ಇಷ್ಟು ಸಹಜವಾದ ಅಪಘಾತವನ್ನು ಯಾರೂ ಮಾಡಿಲ್ಲ, ಒಂದು ತಪ್ಪೂ ಸಿಗುತ್ತಿಲ್ಲ ಅಂದರು. ನನ್ನ ಎದೆ ಉಬ್ಬಿತು. ಆ ಮಡಿಕೆ, ಆ ಕುಸಿತ, ಇದು ಯಾರ ಕೈಚಳಕ ಅಂತ ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ, "ಅಮ್ಮಂದು," ಅಂದುಬಿಟ್ಟಳು.

ಮುಂದಿನ ಭಾನುವಾರ ಬಳಗ ಸೇರುವುದು ನಮ್ಮ ಮನೆಯಲ್ಲೇ ಅಂತಾಯಿತು. ಹಾಗೆ ನಿರ್ಧಾರವಾದದ್ದು ನನಗೆ ಗೊತ್ತಾದದ್ದು ಗಂಟೆ ಬಾರಿಸಿದ ಮೇಲೆ. ಬಾಗಿಲು ತೆರೆದರೆ ಹಲ್ಲಿನ ಡಾಕ್ಟರು, ಕೈಯಲ್ಲಿ ಅವರದೇ ಹೊಳೆಯುವ ನೀಲಿ ಕಾರು. ಬನ್ನಿ, ಬಣ್ಣ ಬಹಳ ಚೆನ್ನಾಗಿ ಕೂತಿದೆ ಅಂದೆ. ಅವರು ನನ್ನ ಹೆಗಲ ಮೇಲಿನಿಂದ ಒಳಗೆ ಇಣುಕಿ, "ಅಮ್ಮ ಇದ್ದಾರಾ?" ಅಂದರು. ಹಿಂದೆ ಮೆಟ್ಟಿಲ ಮೇಲೆ ಭೂತಗನ್ನಡಿ ಒಂದು ಹಸಿರು ಟ್ರಕ್ಕು ಹಿಡಿದು ನಿಂತಿದ್ದರು.

ಒಳಗಿನಿಂದ ಮಾವನ ಧ್ವನಿ ಗಟ್ಟಿಯಾಗಿ ಬಂತು.

"ಅಳಿಯಂದ್ರೇ, ಆಟಿಕೆ ತಂದಿರೋರನ್ನೆಲ್ಲ ಸಾಲಾಗಿ ಕೂರಿಸಿ. ಓವನ್ನು ಇನ್ನೂ ಕಾದಿಲ್ಲ."