ಹಿಂದಿನ ಸೀಟಿನ ಹೊಗೆ

ನನ್ನ ಸೋದರಮಾವನಿಗೆ ಮೂಗು ಎಂಬುದೊಂದು ಇದೆಯೆಂದು ನಾನು ಒಪ್ಪುವುದಿಲ್ಲ. ಊರೆಲ್ಲ ಒಪ್ಪುತ್ತದೆ. ನಿನ್ನೆಯ ಮಲ್ಲಿಗೆಗೆ ನೀರು ಚಿಮುಕಿಸಿ ಇವತ್ತಿನದೆಂದು ಕೊಟ್ಟರೆ ಬಾಗಿಲಲ್ಲೇ ಹಿಡಿಯುವ ಪುರೋಹಿತರು ಅವರು. ಆದರೆ ಸ್ವಂತ ಕಾರಿನ ಹೊಗೆ? ಅದು ಆ ಮಹಾ ಮೂಗಿಗೆ ಇಷ್ಟು ವರ್ಷದಲ್ಲಿ ತಿಳಿದದ್ದೇ ಇಲ್ಲ!

ತಿಳಿಯುವುದಾದರೂ ಹೇಗೆ? ಕಾರು ಓಡಿಸುವವರು ಅವರೇ, ಕೂರುವುದು ಮುಂದೆ, ಕಿಟಕಿ ಇಳಿಸಿಕೊಂಡು. ಪಕ್ಕದ ಸೀಟು ಪೂಜೆಯ ಮಡಿ ಚೀಲಕ್ಕೆ ಮೀಸಲು. ಅತ್ತೆ ಹಿಂದೆ; ಅಲ್ಲಿನ ಕಿಟಕಿ ಇಳಿಯುವುದೇ ಇಲ್ಲ. ಜೆಪ್ಪುವಿನ ಮನೆಯಿಂದ ಕದ್ರಿಯ ದೊಡ್ಡಮಾವನ ಮನೆ ಮುಟ್ಟುವಷ್ಟರಲ್ಲಿ ಅತ್ತೆಗೆ ತಲೆ ಸಿಡಿಯುತ್ತದೆ, ಇಳಿದ ಕೂಡಲೇ ವಾಂತಿ. "ಕಾರೊಳಗೆ ಹೊಗೆ ಬರ್ತದೆ" ಎಂದು ಎಷ್ಟು ಸಲ ಹೇಳಿದರೋ. "ಹೊಗೆಯೂ ಇಲ್ಲ, ಎಂತದೂ ಇಲ್ಲ. ನನ್ನ ಅಣ್ಣನ ಮನೆ ಅಂದ್ರೆ ಇವಳಿಗೆ ತಲೆನೋವು" ಎಂದು ಮಾವ ಚಾವಡಿಯಲ್ಲಿ ಕೂತು ಸಾರುವುದು, ನೆಂಟರು ಹೊಟ್ಟೆ ಹಿಡಿದು ನಗುವುದು. ವಾಂತಿ ಮಾಡಿ ಬಂದ ಅತ್ತೆ ಅದೇ ನೆಂಟರಿಗೆ ಪಾಯಸ ಬಡಿಸುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ಉಡುಪಿಯಲ್ಲಿ ಅವರ ಮಗಳ ಸೀಮಂತ. "ಆ ಕಾರಲ್ಲಿ ನಾನು ಬರುವುದಿಲ್ಲ, ಬಸ್ಸಲ್ಲಿ ಬರ್ತೇನೆ" ಎಂದರು ಅತ್ತೆ. "ಬೀಗರ ಎದುರು ಬಸ್ಸಲ್ಲಿ ಇಳಿದು ನನ್ನ ಮರ್ಯಾದೆ ತೆಗೆಯುವುದಾದ್ರೆ ಮನೆಯಲ್ಲೇ ಇರು" ಎಂದರು ಮಾವ. ಒಬ್ಬಳೇ ಮಗಳ ಸೀಮಂತಕ್ಕೆ ತಾಯಿ ಇಲ್ಲದಿದ್ದರೂ ಅಡ್ಡಿಯಿಲ್ಲ, ಕಾರಿನ ಮಾನ ಉಳಿಯಬೇಕು!

ಆ ಮಾನಕ್ಕೋಸ್ಕರವೇ ಕಾರು ಗ್ಯಾರೇಜಿಗೆ ಹೋಯಿತು, ಜೊತೆಗೆ ನಾನೂ. ಬಾನೆಟ್ ತೆರೆದು ನೋಡಿದ ಮೆಕ್ಯಾನಿಕ್ "ಮುಂದೆ ಎಲ್ಲೂ ಲೀಕ್ ಇಲ್ಲ" ಎಂದ. ಅದರಲ್ಲಿ 'ಮುಂದೆ' ಎಂಬುದನ್ನು ಮಾವ ದಾರಿಯಲ್ಲೇ ಬೀಳಿಸಿ ಬಂದರು.

"ಹಿಂದೆ ನೋಡಿದ್ದೀರಾ?" ಎಂದೆ. "ನಿನಗೂ ತೋರಿಸ್ತೇನೆ ಬಾ. ಸಂದು ಇದ್ರೆ ಹೊಗೆ ಹೊರಗೆ ಬರ್ಬೇಕಲ್ಲ" ಎಂದವರು ಧೂಪದಾರತಿಯಲ್ಲಿ ಕೆಂಡ ಹಾಕಿ, ಲೋಬಾನ ಉದುರಿಸಿ, ಕಾರೊಳಗಿಟ್ಟು ಬಾಗಿಲು ಮುಚ್ಚಿದರು. ಎದುರು ಅಂಗಡಿಯ ಬ್ಯಾರಿ ಕಾಕ ಬಕೆಟ್ ನೀರು ಹಿಡಿದು ಓಡಿ ಬಂದರು.

"ಭಟ್ರೇ, ಕಾರಿಗೆ ಬೆಂಕಿ ಬಿದ್ದಿದೆ."

"ಬೆಂಕಿ ಅಲ್ಲ ಮಾರಾಯ್ರೆ, ಧೂಪ."

"ಹಾಗಾದ್ರೆ ಈ ನೀರು ಎಂತ ಮಾಡುವುದು?"

ಭಟ್ರ ತಲೆಗೆ ಹೊಯ್ಯಿರಿ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು.

ಹೊಗೆ ಡಿಕ್ಕಿ ಬಾಗಿಲಿನ ಅಡಿಯಿಂದ ಹೊರಬಂತು. ಪೂಜೆಯ ಬಾಳೆಎಲೆ, ಅಡಿಕೆ ಹಿಂಗಾರದ ಕಟ್ಟುಗಳನ್ನು ತುರುಕಿ ತುರುಕಿ ಅಲ್ಲಿನ ರಬ್ಬರು ಕಿತ್ತುಹೋಗಿತ್ತು. ಅದರ ಕೆಳಗೇ ಸೈಲೆನ್ಸರ್. ಮಾವ ಒಪ್ಪಿದರೇ? "ಇದು ಒಳಗಿನದ್ದು ಹೊರಗೆ ಬಂದದ್ದು. ಹೊರಗಿನದ್ದು ಒಳಗೆ ಬರ್ತದೆ ಅಂತ ಯಾರು ಹೇಳಿದ್ದು?"

"ನೀವು ಹಿಂದೆ ಕೂತುಕೊಳ್ಳಿ ಮಾವ. ನಾನು ಓಡಿಸ್ತೇನೆ."

ಮುಂದಿನ ಕಿಟಕಿಗಳನ್ನೂ ಏರಿಸಿ ಹೊರಟೆ. ಹಂಪನಕಟ್ಟೆಯವರೆಗೆ ನಾನು ಗೇರು ಹಾಕುವ ಕ್ರಮಕ್ಕೆ ಬೈಗುಳ. ಬಲ್ಮಠ ದಾಟುವಾಗ ಮಾತು ನಿಂತಿತು. ಕದ್ರಿಯಿಂದ ತಿರುಗಿ ಬರುವಾಗ, "ಸಾಕು ಮಾರಾಯ್ತಿ, ಕಿಟಕಿ ಇಳಿಸು" ಎಂದರು. "ಹೊಗೆಯೇ ಇಲ್ಲವಲ್ಲ ಮಾವ" ಎಂದೆ. ಇಳಿಸಲಿಲ್ಲ. ಅಷ್ಟು ಸಿಟ್ಟಿತ್ತು ನನಗೆ.

ಮನೆ ಮುಟ್ಟಿದ್ದೇ ಮಾವ ಗೇಟು ಹಿಡಿದು ಚರಂಡಿಗೆ ಬಗ್ಗಿದರು. ಅಡುಗೆಮನೆಯಿಂದ ಅತ್ತೆ ಓಡಿ ಬಂದರು. ಒಂದು ಕೈಯಲ್ಲಿ ಹಣೆ ಹಿಡಿದು, ಇನ್ನೊಂದರಲ್ಲಿ ಬೆನ್ನು ಸವರಿದರು. ಅತ್ತೆ ವಾಂತಿ ಮಾಡುವಾಗ ಯಾರೂ ಹಾಗೆ ಹಿಡಿದದ್ದನ್ನು ನಾನು ಕಂಡವಳಲ್ಲ.

"ನಿನಗೆ ಪ್ರತಿ ಸಲ ಹೀಗೇ ಆಗ್ತಿತ್ತಾ?" ಮಾವ ಏದುಸಿರು ಬಿಡುತ್ತ ಕೇಳಿದರು.

"ಹೌದು."

ಮಾವ ಬೆನ್ನು ಸವರುತ್ತಿದ್ದ ಅತ್ತೆಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಮೆಟ್ಟಿಲ ಮೇಲೆ ಕುಸಿದು ಕೂತರು. ಅಳುತ್ತಿದ್ದರು.

"ಬಿಡಿ, ಯಾರಾದ್ರೂ ನೋಡ್ತಾರೆ" ಎಂದರು ಅತ್ತೆ.

"ನೋಡ್ಲಿ. ಉಡುಪಿಗೆ ಇಬ್ರೂ ಬಸ್ಸಲ್ಲೇ ಹೋಗುವ. ಕಿಟಕಿ ಬದಿಯ ಸೀಟು ನಿನಗೆ."